ಹಳೆ ಲೆನ್ಸ್ ಕೊಳ್ಳುವ ಮುನ್ನ ಬಾಡಿ ನೋಡಿ

ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸ್ ಕಣ್ಣಿಗೆ ಬಿದ್ದರೆ ಸಾಕು, ಗಾಜು ನೋಡಿ, ಚೌಕಾಸಿ ಮಾಡಿ, ಕೊಂಡು ಮನೆಗೆ ತರುವವರೇ ಹೆಚ್ಚು. ಕ್ಯಾಮೆರಾಕ್ಕೆ ಹಾಕಿದ ಮೇಲೆ ಮೀಟರ್ ಏಕೆ ಓಡುತ್ತಿಲ್ಲ ಎಂಬ ಪ್ರಶ್ನೆ ಹುಟ್ಟುತ್ತದೆ. ನಿಕಾನ್ ಬಳಸುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನಿಮ್ಮ ಬಾಡಿಯ ಲೆನ್ಸ್ ಕಳಚಿ, ಮೌಂಟಿನ ಹೊರ ಅಂಚನ್ನು ನೋಡಿ. ಬೆರಳಿನಿಂದ ತಳ್ಳಿದರೆ ಸರಿದು, ಬಿಟ್ಟರೆ ಸ್ವಸ್ಥಾನಕ್ಕೆ ಮರಳುವ ಪುಟ್ಟ ಟ್ಯಾಬ್ ಒಂದು ಅಲ್ಲಿದೆಯೇ? ಇದ್ದರೆ ಹಳೆ ಲೆನ್ಸ್ ನಿಮಗೆ ನಿಜಕ್ಕೂ ಒದಗಿ ಬರುತ್ತದೆ.

ನಿಕಾನ್‌ನ ಎಫ್ ಮೌಂಟ್ ಬಂದದ್ದು 1959ರಲ್ಲಿ. ರಿಂಗ್ ಎಷ್ಟರಲ್ಲಿದೆ ಎಂದು ಮೀಟರಿಗೆ ತಿಳಿಸಲು ಆ ಕಾಲದ ಲೆನ್ಸ್‌ಗಳ ಮೇಲೆ ಮೊಲದ ಕಿವಿಯಂಥ ಕವಲು ಇರುತ್ತಿತ್ತು. 1977ರಲ್ಲಿ ಎಐ ಪದ್ಧತಿ ಬಂತು. ರಿಂಗಿನ ಹಿಂದಂಚಿನ ಏಣು ಬಾಡಿಯ ಟ್ಯಾಬನ್ನು ತಳ್ಳುತ್ತದೆ. ಪೂರ್ತಿ ತೆರೆದ ಸ್ಥಿತಿಯಿಂದ ರಿಂಗ್ ಎಷ್ಟು ಸ್ಟಾಪ್ ತಿರುಗಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಆದರೆ ಆ ಲೆನ್ಸ್ ಪೂರ್ತಿ ತೆರೆದಾಗ 1.4 ಆಗುತ್ತದೋ 2.8 ಆಗುತ್ತದೋ ಟ್ಯಾಬಿಗೆ ತಿಳಿಯದು. ಅದನ್ನು ನಾವೇ ಮೆನುವಿನ ನಾನ್-ಸಿಪಿಯು ಲೆನ್ಸ್ ಡೇಟಾದಲ್ಲಿ ಫೋಕಲ್ ಲೆಂಗ್ತ್ ಜೊತೆಗೆ ತುಂಬಬೇಕು. ಅಷ್ಟು ಮಾಡಿದರೆ ನಲವತ್ತು ವರ್ಷದ ಲೆನ್ಸ್ ಹಾಕಿದರೂ ವ್ಯೂಫೈಂಡರ್‌ನಲ್ಲಿ ಸರಿಯಾದ ಎಫ್ ಸಂಖ್ಯೆ ಕಾಣುತ್ತದೆ, ಎ ಮೋಡ್‌ನಲ್ಲಿ ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುತ್ತದೆ.

ಡಿ300, ಡಿ700, ಡಿ7000, ಡಿ7200, ಡಿ750, ಡಿ850 ಇವಕ್ಕೆಲ್ಲ ಆ ಟ್ಯಾಬ್ ಇದೆ. ಡಿ3000, ಡಿ5000 ಸರಣಿಗಳಿಗೆ ಇಲ್ಲ, ಡಿ90ಗೂ ಇಲ್ಲ. ಅವುಗಳಲ್ಲಿ ಲೆನ್ಸ್ ಕೂರುತ್ತದೆ, ಎಂ ಮೋಡ್‌ನಲ್ಲಿ ಚಿತ್ರವೂ ಬರುತ್ತದೆ. ಮೀಟರ್ ಮಾತ್ರ ಇರುವುದಿಲ್ಲ, ಹಿಸ್ಟೋಗ್ರಾಂ ನೋಡುತ್ತ ಅಂದಾಜಿನಲ್ಲೇ ಸಾಗಬೇಕು. 2017ರ ಡಿ7500ರಲ್ಲಿ ಕಂಪನಿ ಈ ಟ್ಯಾಬನ್ನು ತೆಗೆದುಹಾಕಿದ್ದು ನನಗೆ ಇಂದಿಗೂ ಬೇಸರದ ಸಂಗತಿ. ಹಳೆ ಲೆನ್ಸ್ ಮೇಲೆ ಮನಸ್ಸಿರುವವರು ಅದನ್ನು ಬಿಟ್ಟು ಸೆಕೆಂಡ್ ಹ್ಯಾಂಡ್ ಡಿ7200 ಕೊಳ್ಳುವುದೇ ಜಾಣತನ. ಒಂದು ಎಚ್ಚರಿಕೆ: 1977ಕ್ಕಿಂತ ಹಿಂದಿನ, ಎಐಗೆ ಮಾರ್ಪಡಿಸದ ಲೆನ್ಸನ್ನು ಟ್ಯಾಬ್ ಇರುವ ಬಾಡಿಗೆ ಬಲವಂತವಾಗಿ ತಿರುಗಿಸಿದರೆ ಟ್ಯಾಬ್ ಮುರಿಯಬಹುದು. ಡಿಎಫ್ ಮಾದರಿಯಲ್ಲಿ ಅದನ್ನು ಮಡಚುವ ಅನುಕೂಲವಿದೆ, ಉಳಿದವರು ಆ ಸಾಹಸಕ್ಕೆ ಹೋಗದಿರುವುದು ಒಳ್ಳೆಯದು.

ಬೇರೆ ಕಂಪನಿಗಳ ಮಾತು ಬೇರೆ. ಪೆಂಟಾಕ್ಸ್‌ನವರು ಮೆನುವಿನಲ್ಲಿ ಅಪರ್ಚರ್ ರಿಂಗ್‌ಗೆ ಅನುಮತಿ ಕೊಟ್ಟು, ಎಂ ಮೋಡ್‌ನಲ್ಲಿ ಹಸಿರು ಗುಂಡಿ ಒತ್ತಿ ಮೀಟರ್ ಮಾಡುತ್ತಾರೆ. ಕ್ಯಾನನ್‌ನ ಹಳೆ ಎಫ್‌ಡಿ ಲೆನ್ಸ್‌ಗಳು ಇಎಫ್ ಬಾಡಿಗೆ ಒಗ್ಗುವುದಿಲ್ಲ. ಅವುಗಳ ಮೌಂಟಿನಿಂದ ಫಿಲ್ಮಿಗೆ 42 ಮಿ.ಮೀ., ಇಎಫ್‌ನಲ್ಲಿ 44 ಮಿ.ಮೀ.; ನಡುವೆ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ ಬೆಟ್ಟ ಎಂದೂ ಫೋಕಸ್ ಆಗದು. ವಿಚಿತ್ರವೆಂದರೆ ನಿಕಾನ್ ಲೆನ್ಸ್ ಅದೇ ಕ್ಯಾನನ್ ಬಾಡಿಗೆ ತೆಳ್ಳನೆಯ ಅಡಾಪ್ಟರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಅದರ ದೂರ 46.5 ಮಿ.ಮೀ.

ಇಷ್ಟೆಲ್ಲ ಯಾಕೆ ಪಾಡು ಎಂದರೆ, ಹೊಸ ಲೆನ್ಸ್‌ಗಳು ಕಿತ್ತುಕೊಂಡ ಒಂದು ಸುಖ ಇಲ್ಲಿ ಸಿಗುತ್ತದೆ. 2.8, 4, 5.6, 8: ರಿಂಗ್ ಒಂದೊಂದು ಅಂಕಿಗೂ ಟಕ್ಕೆಂದು ನಿಲ್ಲುತ್ತದೆ, ಒಂದೊಂದು ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ. ಕ್ಯಾಮೆರಾ ಕಣ್ಣಿಗೆ ತರುವ ಮೊದಲೇ, ಅದು ಆಫ್ ಆಗಿದ್ದಾಗಲೂ, ಎಷ್ಟು ಆಳ ಬೇಕೆಂದು ಎಡಗೈ ತೀರ್ಮಾನಿಸಬಲ್ಲದು. ಪಕ್ಕದಲ್ಲೇ ಬಣ್ಣದ ಗೆರೆಗಳಿವೆ. ಅಂಕಿಯ ಬಣ್ಣಕ್ಕೆ ಸರಿಹೊಂದುವ ಜೋಡಿ ಗೆರೆಗಳ ನಡುವೆ ಎಷ್ಟು ಅಡಿಯಿಂದ ಎಷ್ಟು ಅಡಿವರೆಗೆ ಸ್ಪಷ್ಟ ಎಂಬುದನ್ನು ಓದಿಕೊಳ್ಳಬಹುದು. ಆದರೆ ಆ ಗೆರೆಗಳು ಫಿಲ್ಮಿನ ಕಾಲದ ಲೆಕ್ಕ. ಇಂದಿನ 24 ಮೆಗಾಪಿಕ್ಸೆಲ್ ಸೆನ್ಸರ್ ಅಷ್ಟು ಉದಾರಿಯಲ್ಲ. ರಿಂಗ್ 11ರಲ್ಲಿದ್ದರೆ 5.6ರ ಗೆರೆಗಳನ್ನು ನಂಬಿ. 16, 22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ನಿಕಾನ್‌ನ ಹಳೆ ಲೆನ್ಸ್‌ಗಳ ಸಾಲಿನಲ್ಲಿ ನನಗೆ ಬಹಳ ಇಷ್ಟವಾದದ್ದು 105 ಮಿ.ಮೀ. ಎಫ್ 2.5. ನ್ಯಾಷನಲ್ ಜಿಯಾಗ್ರಫಿಕ್‌ನ 1985ರ ಜೂನ್ ಮುಖಪುಟದ ಅಫ್ಘನ್ ಹುಡುಗಿಯನ್ನು ಸ್ಟೀವ್ ಮೆಕ್‌ಕರಿ ತೆಗೆದದ್ದು ಇದೇ ಲೆನ್ಸಿನಲ್ಲಿ. ಮುಖದ ಚಿತ್ರಕ್ಕೆ ಇದರಷ್ಟು ಹದವಾದ ಲೆನ್ಸ್ ಕಡಿಮೆ. ಕಷ್ಟವಿರುವುದು ಫೋಕಸ್‌ನಲ್ಲಿ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಪರದೆ ಮಂದ ಜೂಮ್‌ಗಳಿಗೂ ಬೆಳಕಾಗಿ ಕಾಣಲೆಂದು ಮಾಡಿದ್ದು. ಹಳೆ ಕ್ಯಾಮೆರಾಗಳಲ್ಲಿದ್ದ ಸ್ಪ್ಲಿಟ್ ಇಮೇಜ್ ಇದರಲ್ಲಿಲ್ಲ. ದೊಡ್ಡ ಅಪರ್ಚರ್‌ನ ನಿಜವಾದ ಮಸುಕನ್ನೂ ಇದು ತೋರಿಸದು. ವ್ಯೂಫೈಂಡರ್ ಮೂಲೆಯ ಹಸಿರು ಚುಕ್ಕೆ ಒಂದು ಆಸರೆ. ಟ್ರೈಪಾಡ್ ಇದ್ದರೆ ಲೈವ್ ವ್ಯೂನಲ್ಲಿ ಕಣ್ಣಿನ ರೆಪ್ಪೆಯನ್ನು ಹಿಗ್ಗಿಸಿ ನೋಡುವುದು ಇನ್ನೂ ಉತ್ತಮ. ಹಾರುವ ಹಕ್ಕಿಗೆ ಈ ಲೆನ್ಸ್‌ಗಳು ಬೇಡ, ಅಲ್ಲಿ ಆಟೋಫೋಕಸ್ಸೇ ಸೈ.

ಹೂವು, ಕೀಟ, ನಾಣ್ಯಗಳಿಗೆ 55 ಮಿ.ಮೀ. ಎಫ್ 2.8 ಮೈಕ್ರೋ ನಿಕ್ಕೋರ್ ಸಿಕ್ಕರೆ ಬಿಡಬೇಡಿ. ವಸ್ತುವನ್ನು ಅರ್ಧ ಗಾತ್ರದವರೆಗೆ ತೋರಿಸುತ್ತದೆ. ಕೊಳ್ಳುವಾಗ ರಿಂಗನ್ನು 16ಕ್ಕಿಟ್ಟು, ಹಿಂಬದಿಯ ಪುಟ್ಟ ಲಿವರನ್ನು ಒತ್ತಿ ಬಿಡಿ. ಎಲೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳಬೇಕು. ನಿಧಾನವಾಗಿ ತೆವಳಿದರೆ ಫೋಕಸ್ ರಿಂಗಿನ ಗ್ರೀಸ್ ಎಣ್ಣೆಯಾಗಿ ಎಲೆಗಳಿಗೆ ಇಳಿದಿದೆ ಎಂದರ್ಥ. ಈ ಮಾದರಿಗೆ ಅದು ಹೆಸರಾದ ಕಾಯಿಲೆ, ಅಂಥ ಲೆನ್ಸಿನಲ್ಲಿ ಚಿತ್ರಗಳು ಅತಿಯಾಗಿ ಬೆಳ್ಳಗಾಗುತ್ತವೆ. ಇನ್ನು ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸಾದರೆ ಫಂಗಸ್ ಇರುವ ಸಂಭವ ಹೆಚ್ಚು. ಎಣ್ಣೆಯಾದರೆ ಬಿಚ್ಚಿ ಒರೆಸುವ ರಿಪೇರಿಯವರು ಸಿಗುತ್ತಾರೆ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಫಂಗಸ್ ಗಾಜಿನ ಲೇಪವನ್ನೇ ತಿಂದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ದಶಕಗಳ ಕಾಲ ತಯಾರಾದ ಲೆನ್ಸ್ ಇದು, ಇನ್ನೊಂದು ಸಿಕ್ಕೇ ಸಿಗುತ್ತದೆ.