ಕಾವಿಗೆ ಕೂತ ಹೇಂಟೆ

ಹಳೆಯ ಮಂಕರಿ, ಅದರ ತಳಕ್ಕೆ ಒಂದಿಷ್ಟು ಬೂದಿ, ಮೇಲೆ ಒಣಹುಲ್ಲು, ಹತ್ತು ಹನ್ನೆರಡು ಮೊಟ್ಟೆ. ನಾಟಿ ಹೇಂಟೆಗೆ ಇಷ್ಟು ಸಾಕು. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ತರುವ ಕಾವುಪೆಟ್ಟಿಗೆಗೆ ಕರೆಂಟು ಬೇಕು, 37.5 ಡಿಗ್ರಿ ಶಾಖ ಕಾಯಬೇಕು, ತೇವ ನೋಡಬೇಕು, ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು. ಇವಳಿಗೆ ಅದೆಲ್ಲ ಎದೆಯಲ್ಲೇ ಇದೆ. ಕಾವಿಗೆ ಕೂರುವ ಹೊತ್ತಿಗೆ ಎದೆಯ ಪುಕ್ಕ ಉದುರಿ, ಬರಿಯ ಚರ್ಮವೇ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು ಓಡೋಡಿ ಬರುತ್ತಾಳೆ. ಇದಕ್ಕಿಂತ ದೊಡ್ಡ ತಾಳ್ಮೆಯನ್ನು ನಾನು ಕಂಡಿಲ್ಲ.

ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದರೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಹೊತ್ತು ತುಂಬಿದಾಗ ಮರಿ ಒಳಗಿನಿಂದಲೇ ಚಿಂವ್ ಎನ್ನುತ್ತದೆ, ತಾಯಿ ತಗ್ಗಿದ ದನಿಯಲ್ಲಿ ಓಗೊಡುತ್ತಾಳೆ. ಕೊಕ್ಕಿನ ತುದಿಯ ಪುಟ್ಟ ಮೊನೆಯಿಂದ ಕುಟ್ಟಿ ಕುಟ್ಟಿ, ಸುಮಾರು 21ನೇ ದಿನ ಒದ್ದೆ ಮುದ್ದೆಯಂತೆ ಹೊರಬೀಳುತ್ತದೆ. ಕನಿಕರವೆಂದು ಚಿಪ್ಪು ಸುಲಿಯಲು ಹೋಗಬಾರದು, ರಕ್ತ ಸೋರೀತು. ಒಣಗಿದ ಮೇಲೆ ನೋಡಿ, ಅಂಗಳದ ತುಂಬ ಹೂಮರಿಗಳು!