ದಂಪತಿಗಳ ಅಂಗಾಂಶಸಾಮ್ಯವೂ ಗರ್ಭನಷ್ಟವೂ

ಗರ್ಭಸ್ಥ ಶಿಶುವಿನ ಅರ್ಧಾಂಶವು ತಂದೆಯಿಂದ ಬಂದುದು. ಆದುದರಿಂದ ತಾಯಿಯ ದೇಹಕ್ಕೆ ಅದು ಪರಕೀಯ. ಅನ್ಯರ ಚರ್ಮವನ್ನು ಕಸಿಮಾಡಿದರೆ ತಿರಸ್ಕರಿಸುವ ದೇಹವು ಶಿಶುವನ್ನು ಒಂಬತ್ತು ತಿಂಗಳು ಸಹಿಸುವುದೆಂತು? 1953ರಲ್ಲಿ ಪೀಟರ್ ಮೆಡಾವರ್ ಎತ್ತಿದ ಈ ಪ್ರಶ್ನೆಯಿಂದ ಕಾಲಕ್ರಮದಲ್ಲಿ ಒಂದು ವಾದವು ಹುಟ್ಟಿತು. ಆರನೆಯ ವರ್ಣತಂತುವಿನಲ್ಲಿರುವ ಎಚ್.ಎಲ್.ಎ. ಎಂಬ ಜೀನುಗಳು ಪ್ರತಿಯೊಬ್ಬರ ಜೀವಕಣಗಳಿಗೂ ಅವರವರದೇ ಗುರುತನ್ನು ಕೊಡುತ್ತವೆ. ಪತಿಪತ್ನಿಯರ ಗುರುತುಗಳು ತೀರ ಸಮಾನವಾದರೆ ತಾಯಿಯ ದೇಹವು ಶಿಶುವನ್ನು ಪರಕೀಯವೆಂದು ಅರಿಯದು. ಅರಿಯದಿದ್ದರೆ ಗರ್ಭರಕ್ಷಕವಾದ ವಸ್ತುಗಳನ್ನು ನಿರ್ಮಿಸದು. ಆದುದರಿಂದ ಗರ್ಭವು ನಿಲ್ಲದು. ಇದೇ ಆ ವಾದದ ಸಾರ.

ಇದು ಕೇವಲ ನಿರಾಧಾರವೆನ್ನಲಾಗದು. ಅಮೆರಿಕದ ದಕ್ಷಿಣ ಡಕೋಟಾ ಪ್ರಾಂತದಲ್ಲಿ, ತಮ್ಮೊಳಗೇ ವಿವಾಹಸಂಬಂಧ ಬೆಳೆಸುವ ಹಟರೈಟ್ ಪಂಥದ 111 ದಂಪತಿಗಳ 251 ಗರ್ಭಧಾರಣೆಗಳನ್ನು ಕ್ಯಾರೊಲ್ ಓಬರ್ ಮತ್ತು ಸಂಗಡಿಗರು ಹತ್ತು ವರ್ಷ ಪರೀಕ್ಷಿಸಿ, 1998ರಲ್ಲಿ ಫಲವನ್ನು ಪ್ರಕಟಿಸಿದರು. ಈ ಜೀನುಗಳ ಗುಚ್ಛವು ಹೊಂದಿಕೊಂಡ ದಂಪತಿಗಳಲ್ಲಿ ಗರ್ಭನಷ್ಟವು ಅಧಿಕವಾಗಿದ್ದಿತು. ಆದರೆ ನಷ್ಟವು ಅಧಿಕವೆಂಬುದು ಬೇರೆ, ಸಂತಾನವು ಅಸಾಧ್ಯವೆಂಬುದು ಬೇರೆ. ಹಟರೈಟರು ಬಹುಸಂತಾನಕ್ಕೆ ಹೆಸರಾದವರೆಂಬುದನ್ನು ಮರೆಯಲಾಗದು.

ಈ ಭೇದವನ್ನು ಮರೆತುದರಿಂದ ವಾದವು ಅವಸರದಲ್ಲಿ ಚಿಕಿತ್ಸೆಯಾಯಿತು. ಪತಿಯ ಬಿಳಿಯ ರಕ್ತಕಣಗಳನ್ನು ಪತ್ನಿಗೆ ಚುಚ್ಚಿದರೆ ಆಕೆಯ ದೇಹವು ಪರಕೀಯತೆಯನ್ನು ಅರಿಯುವುದೆಂದು ನಂಬಲಾಯಿತು. 1985ರ ಆಂಗ್ಲ ಪರೀಕ್ಷೆಯೊಂದರಲ್ಲಿ ಪತಿಯ ಕಣಗಳನ್ನು ಪಡೆದ 22 ಮಂದಿಯಲ್ಲಿ 17 ಮಂದಿಗೂ, ಸ್ವಂತ ಕಣಗಳನ್ನು ಪಡೆದ 27 ಮಂದಿಯಲ್ಲಿ 10 ಮಂದಿಗೂ ಗರ್ಭವು ಸಫಲವಾಯಿತು. ಇಷ್ಟು ಅಲ್ಪಸಂಖ್ಯೆಯ ಮೇಲೆ ಚಿಕಿತ್ಸೆಯು ದೇಶದೇಶಗಳಿಗೆ ಹಬ್ಬಿತು. ಅದನ್ನು ಒರೆಗೆ ಹಚ್ಚಿದವರು ಅದೇ ಓಬರ್ ಅವರು. 1999ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದ 86 ಮಂದಿಯಲ್ಲಿ 31 ಮಂದಿಗೂ, ಬರಿಯ ಲವಣಜಲ ಪಡೆದ 85 ಮಂದಿಯಲ್ಲಿ 41 ಮಂದಿಗೂ ಗರ್ಭವು ಸಫಲವಾಯಿತು. ಚಿಕಿತ್ಸೆಯಿಂದ ಲಾಭವಿರಲಿ, ಹಾನಿಯ ಶಂಕೆಯೇ ಬಲವಾಯಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ಅನುಮತಿ ಪಡೆದ ಸಂಶೋಧನೆಯ ಹೊರಗೆ ಅದನ್ನು ನಡೆಸಕೂಡದೆಂದರು.

ವಾದದ ಮೂಲದಲ್ಲಿಯೂ ದೋಷವಿದೆ. ತಾಯಿಯ ಗರ್ಭಕೋಶವನ್ನು ಹೊಕ್ಕು ಬೇರೂರುವ ಮಾಸಿನ ಕಣಗಳಲ್ಲಿ ಎಚ್.ಎಲ್.ಎ.ಯ ಎ ಮತ್ತು ಬಿ ಗುರುತುಗಳೇ ಕಾಣವು. ಸಿ ಗುರುತು ಕಾಣುತ್ತದೆ. ಅದನ್ನು ಗುರುತಿಸುವ ತಾಯಿಯ ಜೀನುಗಳೂ ಶಿಶುವಿನ ಸಿ ಗುರುತೂ ಕೆಲವು ವಿಧದಲ್ಲಿ ಕೂಡಿದಾಗ, ಗರ್ಭಿಣಿಯರ ರಕ್ತದೊತ್ತಡವ್ಯಾಧಿಯ ಸಂಭವವು ಹೆಚ್ಚೆಂದು 2004ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು. ಆದುದರಿಂದ ವಿಚಾರಿಸತಕ್ಕುದು ಸಾಮ್ಯದ ಪ್ರಮಾಣವನ್ನಲ್ಲ, ಸಂಯೋಗದ ಬಗೆಯನ್ನು.

ಕನ್ನಡ ನಾಡಿಗೂ ಈ ವಿಮರ್ಶೆಯು ಪ್ರಸ್ತುತವಾದುದು. ಸೋದರಮಾವನನ್ನೋ ಅವನ ಮಗನನ್ನೋ ವರಿಸುವ ಪದ್ಧತಿಯುಳ್ಳ ಮನೆತನಗಳಲ್ಲಿ ಶಿಶುಗಳಿಗೆ ಕೆಲವು ಆನುವಂಶಿಕ ರೋಗಗಳ ಭಯವುಂಟು. ಬಂಜೆತನವು ಹೆಚ್ಚೆಂಬುದು ಮಾತ್ರ ಸಿದ್ಧವಾಗಿಲ್ಲ. ವಧೂವರರ ನಾಡಿಯು ಒಂದೇ ಆದರೆ ಸಂತತಿಗೆ ಹಾನಿಯೆಂದು ಜಾತಕ ನೋಡುವ ಸಮಾಜದಲ್ಲಿ, ಅಂಗಾಂಶಸಾಮ್ಯದ ವಾದವು ಹೊಸ ನಾಡಿಕೂಟವಾಗುವುದು ಸುಲಭ. ಗರ್ಭ ಕಳೆದುಕೊಂಡ ದುಃಖದ ಮೇಲೆ, ದಾಂಪತ್ಯವೇ ಹೊಂದಲಿಲ್ಲವೆಂಬ ಅಪವಾದವನ್ನು ಹೊರಿಸಲು ಈ ಪ್ರಮಾಣಗಳು ಸಾಲವು.