ಡ್ರಿಲ್‌ಗೆ ಸಿಕ್ಕ ಹೊಗಳಿಕೆ, ಬೆಲ್ಟಿಗೆ ಸಿಗದ ನ್ಯಾಯ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಬಳಗದಲ್ಲಿ ಒಂದು ಸಲಹೆ ಯಾರ ಪ್ರಶ್ನೆಗೂ ಸಿಗದೆ ವರ್ಷಗಟ್ಟಲೆ ಓಡಾಡಿಕೊಂಡಿದೆ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಒಡೆಯುವ ಕೈಗಿರಣಿ ತಿರುಗಿಸಿ ತೋಳು ಸೋತಿತೇ? ಹಿಡಿಕೆ ಬಿಚ್ಚಿ, ಶಾಫ್ಟಿನ ತುದಿಗೆ ಡ್ರಿಲ್ ಕಚ್ಚಿಸಿ, ಟ್ರಿಗರ್ ಒತ್ತಿ, ಕೆಲಸ ಮುಗಿಯಿತು. ಹಳಬರು ಹೊಸಬರಿಗೆ ಮೊದಲು ಹೇಳುವುದು ಇದನ್ನೇ. ಉಪಕರಣಗಳ ಬಗ್ಗೆ ಬರೆಯುವವರೂ ಕಡಿಮೆ ಖರ್ಚಿನ ದಾರಿ ಎಂದರೆ ಇದೇ ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ಡ್ರಿಲ್‌ಗೆ ಸಿಕ್ಕಿರುವ ಈ ಹೆಸರು ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯದೊಂದು ಮೋಟಾರು, ಎರಡು ಪುಲ್ಲಿ, ಒಂದು ವಿ-ಬೆಲ್ಟ್ ಸೇರಿಸಿ ಮಾಡುವ ವ್ಯವಸ್ಥೆ ಎಲ್ಲ ರೀತಿಯಲ್ಲೂ ಅದಕ್ಕಿಂತ ಮೇಲು. ಆದರೂ ಅದನ್ನು ಗ್ಯಾರೇಜು ಪ್ರಿಯರ ಗೀಳು ಎಂದು ಬದಿಗೆ ಸರಿಸಲಾಗಿದೆ.

ಹಿನ್ನೆಲೆಯನ್ನು ಹೆಚ್ಚು ಬೆಳೆಸಬೇಕಿಲ್ಲ. ಮನೆಯಲ್ಲಿ ಬಿಯರ್ ತಯಾರಿಸಲು ದಾರಿ ತೆರೆದ, 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು, ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಎಂಬ ಮಿತಿ, 2013ರವರೆಗೂ ಒಪ್ಪದೆ ಕುಳಿತಿದ್ದ ಅಲಬಾಮಾ ಮತ್ತು ಮಿಸಿಸಿಪಿ, ಇವೆಲ್ಲ ಈ ಹವ್ಯಾಸ ಬಲ್ಲವರಿಗೆ ಗೊತ್ತಿರುವ ಸಂಗತಿಗಳು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯಿದೆಯಡಿ ಅಪರಾಧ. ಆದ್ದರಿಂದ ಈ ಚರ್ಚೆ ಅಮೆರಿಕದ್ದು, ಅಲ್ಲಿ ನೆಲೆಸಿರುವ ನಮ್ಮವರದೂ ಹೌದು. ಮೆಕ್ಕೆಜೋಳ ಬೀಸಲೆಂದು ಕೊಲಂಬಿಯಾದಲ್ಲಿ ತಯಾರಾದ ಕರೋನಾ ಗಿರಣಿಯಿಂದ ಎರಡು ರೋಲರಿನ ಮಿಲ್ಲಿಗೆ ಬಂದ ಮೇಲೆ ಮಾಲ್ಟ್ ಒಡೆಯುವುದು ಹದವರಿತ ಕೆಲಸವಾಯಿತು. ಆ ಹದ ಏನೆಂದು ತಿಳಿಯದೆ ಮೋಟಾರಿನ ಮಾತಾಡಿ ಫಲವಿಲ್ಲ.

ಚೆನ್ನಾಗಿ ಒಡೆದ ಮಾಲ್ಟನ್ನು ಒಂದು ಹಿಡಿ ಬಿಳಿ ತಟ್ಟೆಗೆ ಸುರಿದು ನೋಡಿ. ಬಾರ್ಲಿಯ ಸಿಪ್ಪೆ ಉದ್ದಕ್ಕೆ ಸೀಳಿದ್ದರೂ ಹೆಚ್ಚುಕಡಿಮೆ ಇಡಿಯಾಗಿರಬೇಕು, ಒಳಗಿನ ತಿರುಳು ಮಾತ್ರ ನುಚ್ಚಾಗಿ ಉದುರಿರಬೇಕು. ಹಿಟ್ಟು ಸ್ವಲ್ಪ ಇದ್ದೇ ಇರುತ್ತದೆ, ಹೆಚ್ಚಾಗಬಾರದು ಅಷ್ಟೇ. ಬಿಸಿನೀರಿನಲ್ಲಿ ನೆನೆದ ಮಾಲ್ಟಿನಿಂದ, ಅಂದರೆ ಮ್ಯಾಶಿನಿಂದ, ವರ್ಟ್ ಎಂಬ ಸಿಹಿ ರಸವನ್ನು ಬಸಿಯುವಾಗ ಆ ಸಿಪ್ಪೆಗಳೇ ಒಂದರ ಮೇಲೊಂದು ಕೂತು ಜರಡಿಯಾಗುತ್ತವೆ. ಸಿಪ್ಪೆ ಪುಡಿಯಾದರೆ ಜರಡಿ ಕಟ್ಟಿಕೊಳ್ಳುತ್ತದೆ, ನಲ್ಲಿಯಿಂದ ಹನಿಯೂ ಇಳಿಯುವುದಿಲ್ಲ. ತಿರುಳು ಇಡಿಯಾಗಿ ಉಳಿದರೆ ಸಕ್ಕರೆ ಸಿಗುವುದಿಲ್ಲ. ಒಂದೇ ಕಾಳಿನ ಹೊರಭಾಗವನ್ನು ಉಳಿಸಬೇಕು, ಒಳಭಾಗವನ್ನು ಒಡೆಯಬೇಕು. ಗಿರಣಿಯ ಮುಂದಿರುವ ಕೆಲಸ ಇಷ್ಟು ಸೂಕ್ಷ್ಮವಾದದ್ದು.

ಇದನ್ನು ಮೊದಲು ನಿರ್ಧರಿಸುವುದು ರೋಲರುಗಳ ನಡುವಿನ ಸಂದು ಎಂಬುದರಲ್ಲಿ ತಕರಾರಿಲ್ಲ. ಸುಮಾರು 1 ಮಿ.ಮೀ.ನಿಂದ ಶುರು ಮಾಡುವವರು ಹೆಚ್ಚು. 0.76 ಮಿ.ಮೀ. ದಪ್ಪದ ಕ್ರೆಡಿಟ್ ಕಾರ್ಡ್ ತೂರಿಸಿ ಅಳೆಯುವವರೂ ಇದ್ದಾರೆ. ಡ್ರಿಲ್ ಪಕ್ಷದವರು ಈ ಮಾತನ್ನೇ ಹಿಡಿದುಕೊಂಡು, ಸಂದು ಸರಿಯಿದ್ದರೆ ವೇಗ ಎಷ್ಟಿದ್ದರೇನು ಎನ್ನುತ್ತಾರೆ. ಅವರ ವಾದ ಮುಗ್ಗರಿಸುವುದು ಇಲ್ಲೇ.

ಮನೆಬಳಕೆಯ ಎಷ್ಟೋ ಮಿಲ್ಲುಗಳಲ್ಲಿ ಮೋಟಾರು ತಿರುಗಿಸುವುದು ಒಂದೇ ರೋಲರನ್ನು. ಇನ್ನೊಂದು ರೋಲರು ಸ್ವಂತ ಬಲದಿಂದ ತಿರುಗುವುದಿಲ್ಲ, ನಡುವೆ ಸಿಕ್ಕಿದ ಕಾಳು ಅದನ್ನು ಎಳೆದುಕೊಂಡು ಹೋಗಬೇಕು. ನಿಧಾನವಾಗಿ ತಿರುಗಿಸಿದಾಗ ಎರಡೂ ರೋಲರುಗಳ ಮೇಲ್ಮೈ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಚಲಿಸುತ್ತದೆ, ಕಾಳು ನೇರವಾಗಿ ಅದುಮಿಸಿಕೊಂಡು ಒಡೆಯುತ್ತದೆ. ವೇಗ ಒಮ್ಮೆಲೇ ಏರಿದರೆ ಎರಡನೆಯ ರೋಲರು ಹಿಂದೆ ಬೀಳುತ್ತದೆ. ಆಗ ಕಾಳಿನ ಒಂದು ಮೈ ಮುಂದೆ ಓಡುತ್ತದೆ, ಇನ್ನೊಂದು ಮೈ ತಡೆದು ನಿಲ್ಲುತ್ತದೆ, ನಡುವೆ ಸಿಪ್ಪೆ ಉಜ್ಜಿ ಹರಿಯುತ್ತದೆ. ಸಂದು ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ, ಆದರೂ ತಟ್ಟೆಗೆ ಬಿದ್ದ ನುಚ್ಚು ಬೇರೆಯಾಗಿರುತ್ತದೆ.

ಇನ್ನು ಆ ಟ್ರಿಗರ್. ಡ್ರಿಲ್ ಪಕ್ಷದ ಇಡೀ ಸಮರ್ಥನೆ ನಿಂತಿರುವುದು ಈ ಬೆರಳ ತುದಿಯ ಮೇಲೆ. ಅರ್ಧ ಇಂಚಿನ ಚಕ್ಕಿನ ವಯರ್ ಡ್ರಿಲ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 850 ಸುತ್ತಿನ ಆಸುಪಾಸು ಓಡುತ್ತದೆ. ಗಿರಣಿಗೆ ಬೇಕಿರುವುದು 200ರ ಆಸುಪಾಸು. ಅದಕ್ಕೇನು, ಮೆಲ್ಲಗೆ ಒತ್ತಿ ಎನ್ನುತ್ತಾರೆ. ಮೆಲ್ಲಗೆ ಒತ್ತಿದಾಗ ಮೋಟಾರಿಗೆ ಹೋಗುವ ವಿದ್ಯುತ್ತು ಕಡಿಮೆಯಾಗುತ್ತದೆ, ಗೇರು ಬದಲಾಗುವುದಿಲ್ಲ. ಗೇರಿನಿಂದ ವೇಗ ತಗ್ಗಿಸಿದರೆ ಕಳೆದುಕೊಂಡ ವೇಗ ತಿರುಗಿಸುವ ಬಲವಾಗಿ, ಅಂದರೆ ಟಾರ್ಕಾಗಿ, ಮರಳಿ ಬರುತ್ತದೆ. ಟ್ರಿಗರಿನಿಂದ ತಗ್ಗಿಸಿದರೆ ವೇಗ ಹೋಯಿತು, ಬದಲಿಗೆ ಏನೂ ಬರಲಿಲ್ಲ. ಡ್ರಿಲ್ಲಿನೊಳಗೆ ಇರುವುದು ಕಾರ್ಬನ್ ಬ್ರಷ್ಷಿನ ಯೂನಿವರ್ಸಲ್ ಮೋಟಾರು. ಭಾರ ಬಿದ್ದಂತೆ ನಿಧಾನವಾಗುವುದು, ಭಾರ ಇಳಿದಂತೆ ಹುಚ್ಚೆದ್ದು ಓಡುವುದು ಅದರ ಸ್ವಭಾವ. ಅಗ್ಗದ ಡ್ರಿಲ್ಲುಗಳಲ್ಲಿ ವೇಗವನ್ನು ಹಿಡಿದಿಡುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕಾಳು ಸುರಿಯುವ ಹಾಪರು ತುಂಬಿದಾಗ ಡ್ರಿಲ್ ಏದುಸಿರು ಬಿಡುತ್ತದೆ, ಬೆರಳು ತಾನಾಗಿ ಇನ್ನಷ್ಟು ಒತ್ತುತ್ತದೆ. ಕಾಳು ಮುಗಿಯುತ್ತ ಬಂದಾಗ ಅದೇ ಒತ್ತಿಗೆ ಚಕ್ಕು ಕಿರುಚುತ್ತ ಓಡುತ್ತದೆ, ಕೊನೆಯ ಹಿಡಿ ಕಾಳು ಪೂರ್ಣ ವೇಗದಲ್ಲಿ ಚಿಂದಿಯಾಗುತ್ತದೆ. ಒಂದೇ ಚೀಲದ ಮಾಲ್ಟ್, ಒಂದೇ ಸಂದು, ಆದರೂ ಮೊದಲ ಹಿಡಿಗೂ ಕೊನೆಯ ಹಿಡಿಗೂ ಹೋಲಿಕೆ ಇರುವುದಿಲ್ಲ.

ತೊಂದರೆ ನುಚ್ಚಿನಲ್ಲೇ ನಿಲ್ಲುವುದಿಲ್ಲ. ಡ್ರಿಲ್ಲನ್ನು ತಣ್ಣಗಿಡುವ ಫ್ಯಾನು ಅದೇ ಮೋಟಾರಿನ ಶಾಫ್ಟಿನ ಮೇಲೆ ಕೂತಿರುತ್ತದೆ. ವೇಗ ಕಾಲು ಭಾಗಕ್ಕೆ ಇಳಿದರೆ ಗಾಳಿಯೂ ಇಳಿಯಿತು. ಭಾರ ಹೆಚ್ಚಾಗಿ ಕರೆಂಟು ಏರುವುದೂ ಆ ಹೊತ್ತಿನಲ್ಲೇ. ಮೋಟಾರಿನ ತಂತಿ ಕಾಯುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಕರೆಂಟು ದುಪ್ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹೀಗೆ ಹೆಚ್ಚು ಬಿಸಿ, ಕಡಿಮೆ ಗಾಳಿ, ಜೊತೆಗೆ ಗಾಳಿಕಿಂಡಿಯೊಳಗೆ ನುಗ್ಗುವ ಮಾಲ್ಟಿನ ದೂಳು. ಇಷ್ಟಾದ ಮೇಲೆ ಡ್ರಿಲ್ ಸುಟ್ಟ ವಾಸನೆ ಬಂದರೆ ಕಂಪನಿಯನ್ನು ಬೈಯುವುದು ಅನ್ಯಾಯ. ತೂತು ಕೊರೆಯಲು ಮಾಡಿದ ಉಪಕರಣದಿಂದ ಗಾಣದೆತ್ತಿನ ದುಡಿಮೆ ಕೇಳಿದ್ದು ನಾವೇ. ಟ್ರಿಗರನ್ನು ಪಟ್ಟಿಯಿಂದ ಬಿಗಿದು ಕೈಬಿಡುವ ಉಪಾಯವಂತೂ ನೇರವಾಗಿ ಅಪಾಯಕಾರಿ. ಕಾಳಿನಲ್ಲಿ ಒಂದು ಸಣ್ಣ ಕಲ್ಲಿದ್ದರೆ ರೋಲರು ಕಚ್ಚಿ ನಿಲ್ಲುತ್ತದೆ, ಡ್ರಿಲ್ ತಾನೇ ತಿರುಗಿ ಮಣಿಕಟ್ಟನ್ನೋ ಮಿಲ್ಲನ್ನೋ ತಿರುಚುತ್ತದೆ.

ಈಗ ಬೆಲ್ಟಿನ ಲೆಕ್ಕ. ಹಳೆಯ ಬೆಲ್ಟ್ ಮಾದರಿಯ ವಾಷಿಂಗ್ ಮೆಷಿನ್ನಿನಿಂದಲೋ ಮನೆ ಬೆಚ್ಚಗಿಡುವ ಕುಲುಮೆಯ ಬ್ಲೋವರಿನಿಂದಲೋ ಬಿಚ್ಚಿದ ಮೂರನೇ ಒಂದು ಎಚ್‌ಪಿ ಇಂಡಕ್ಷನ್ ಮೋಟಾರು ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1725 ಸುತ್ತು ಓಡುತ್ತದೆ. ಮೋಟಾರಿಗೆ ಒಂದೂವರೆ ಇಂಚಿನ ಪುಲ್ಲಿ, ಮಿಲ್ಲಿಗೆ 12 ಇಂಚಿನದು ಹಾಕಿದರೆ ವೇಗ ಎಂಟು ಪಟ್ಟು ತಗ್ಗಿ 215ಕ್ಕೆ ಬರುತ್ತದೆ. ಮೋಟಾರಿನ ಶಾಫ್ಟಿನಲ್ಲಿ 1.4 ನ್ಯೂಟನ್-ಮೀಟರಿನಷ್ಟಿದ್ದ ಟಾರ್ಕು, ಬೆಲ್ಟಿನ ಅಲ್ಪ ನಷ್ಟ ಬಿಟ್ಟರೆ, 11ಕ್ಕೆ ಏರುತ್ತದೆ. ಅಂದರೆ 20 ಸೆಂ.ಮೀ. ಹಿಡಿಕೆಯ ತುದಿಯಲ್ಲಿ ಐದೂವರೆ ಕಿಲೋ ತೂಕ ತೂಗಿಬಿಟ್ಟಷ್ಟು ಬಲ, ಒಂದು ಕ್ಷಣವೂ ಬಿಡುವಿಲ್ಲದೆ. ಹಾಪರು ತುಂಬಿದ್ದರೂ ಬರಿದಾಗಿದ್ದರೂ ಇಂಡಕ್ಷನ್ ಮೋಟಾರಿನ ವೇಗ ಹೆಚ್ಚು ಕದಲುವುದಿಲ್ಲ. ಕಲ್ಲು ಸಿಕ್ಕರೆ ಬೆಲ್ಟು ಜಾರಿ ಕಿರುಗುಡುತ್ತದೆ, ಮೂಳೆಯಾಗಲಿ ಶಾಫ್ಟಾಗಲಿ ಮುರಿಯುವ ಸಂದರ್ಭ ಅಪರೂಪ. ಕರ್ನಾಟಕದ ಊರೂರ ಹಿಟ್ಟಿನ ಗಿರಣಿಗಳಲ್ಲಿ ಪಟಪಟ ಹೊಡೆಯುವ ಬೆಲ್ಟನ್ನು ನೋಡುತ್ತ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಂಥದೇ ನಾಲ್ಕು ಪೋಲಿನ ಮೋಟಾರು 1440ರ ಆಸುಪಾಸು ಓಡುವುದರಿಂದ, ಅದೇ ಪುಲ್ಲಿಗಳಲ್ಲಿ ವೇಗ 180 ಆಗುತ್ತದೆ.

ಬೆಲ್ಟಿನಲ್ಲೂ ದೋಷಗಳಿವೆ. ಜಾಗ ಬೇಕು. ಬೆಲ್ಟಿಗೆ ಮುಚ್ಚಳ ಕಡ್ಡಾಯ, ಮಕ್ಕಳಿರುವ ಮನೆಯಲ್ಲಂತೂ ಎರಡನೇ ಮಾತಿಲ್ಲ. ಎರಡು ಪುಲ್ಲಿಗಳನ್ನು ತೀರಾ ಹತ್ತಿರ ಕೂರಿಸಿದರೆ ಚಿಕ್ಕ ಪುಲ್ಲಿಗೆ ಬೆಲ್ಟಿನ ಹಿಡಿತ ಸಾಲದು. ಅವುಗಳ ಕೇಂದ್ರಗಳ ನಡುವೆ 10 ಇಂಚು ಇದ್ದರೆ ಬೆಲ್ಟು ಚಿಕ್ಕ ಪುಲ್ಲಿಯನ್ನು ಸುತ್ತುವುದು 117 ಡಿಗ್ರಿ, 16 ಇಂಚಿಗೆ ಸರಿಸಿದರೆ 142 ಡಿಗ್ರಿ. ಬೆಲ್ಟು ಅಡ್ಡಕ್ಕೆ ಎಳೆಯುವುದರಿಂದ ಮಿಲ್ಲಿನ ಬುಷ್ಷು ಬೇಗ ಸವೆಯಬಹುದು. ಹಳೆಯ ಮೋಟಾರಿನಲ್ಲಿ ತಾನಾಗಿ ಮರಳಿ ಚಾಲೂ ಆಗುವ ಥರ್ಮಲ್ ಸ್ವಿಚ್ ಇದ್ದರೆ, ನಿಂತಿದೆಯೆಂದು ಕೈ ಹಾಕಿದಾಗ ಅದು ಮತ್ತೆ ತಿರುಗಬಹುದು. ಪ್ಲಗ್ ಕಿತ್ತೇ ಕೈ ಹಾಕಬೇಕು. ಆದರೆ ಇವೆಲ್ಲ ಕಟ್ಟುವ ದಿನವೇ ಸರಿಪಡಿಸಬಹುದಾದ ದೋಷಗಳು. ಡ್ರಿಲ್ಲಿನ ದೋಷ ಅದರ ಹುಟ್ಟಿನಲ್ಲೇ ಇದೆ.

ಹಾಗಿದ್ದರೆ ಡ್ರಿಲ್ಲಿಗೆ ಈ ಹೆಸರು ಬಂದದ್ದು ಹೇಗೆ? ಜವಾಬ್ದಾರಿ ಬಹುಪಾಲು ಉಪಕರಣ ವಿಮರ್ಶಕರದು. ಅವರ ಅಳತೆಗೋಲು ನಿಮಿಷ. ಐದು ಗ್ಯಾಲನ್ ಬಿಯರಿಗೆ ಬೇಕಾದ ಐದು ಕಿಲೋ ಮಾಲ್ಟನ್ನು ಕೈಯಲ್ಲಿ ತಿರುಗಿಸಿದರೆ ಇಷ್ಟು ನಿಮಿಷ, ಡ್ರಿಲ್ಲಿನಲ್ಲಿ ಇಷ್ಟು ಎಂದು ಪಟ್ಟಿ ಕೊಡುತ್ತಾರೆ. ಆ ಪಟ್ಟಿಯ ಪಕ್ಕದಲ್ಲಿ ಒಡೆದ ಮಾಲ್ಟಿನ ಒಂದು ಚಿತ್ರವೂ ಇರುವುದಿಲ್ಲ. ಬಿಯರ್ ಮಾಡುವ ದಿನ ನೀರು ಕಾಯಿಸಿ, ಮ್ಯಾಶ್ ಮಾಡಿ, ಕುದಿಸಿ, ತಣಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅದರಲ್ಲಿ ಐದು ನಿಮಿಷ ಉಳಿಸಿದ್ದು ಸಾಧನೆಯೇ? ಕಟ್ಟಿಕೊಂಡ ಜರಡಿಯ ಮುಂದೆ ಒಂದು ಗಂಟೆ ಕಾದವರನ್ನು ಕೇಳಬೇಕು.

ಇನ್ನು ಕೆಲವರು ಸುತ್ತುಗಳ ಲೆಕ್ಕ ಕೊಡುತ್ತಾರೆ, ರೋಲರಿನ ವ್ಯಾಸ ಹೇಳುವುದಿಲ್ಲ. ವ್ಯಾಸ ಹೇಳದೆ ಸುತ್ತು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಕಾಳಿಗೆ ತಾಗುವುದು ರೋಲರಿನ ಮೇಲ್ಮೈಯ ವೇಗ. ಒಂದೂಕಾಲು ಇಂಚಿನ ರೋಲರು 200 ಸುತ್ತಿಗೆ ಸೆಕೆಂಡಿಗೆ 33 ಸೆಂ.ಮೀ. ಚಲಿಸಿದರೆ, ಎರಡು ಇಂಚಿನದು ಅಷ್ಟೇ ಸುತ್ತಿಗೆ 53 ಸೆಂ.ಮೀ. ಚಲಿಸುತ್ತದೆ. ಚಿಕ್ಕ ರೋಲರಿನ ಮಿಲ್ಲಿಗೆ ಒಪ್ಪಿದ ವೇಗವನ್ನು ದೊಡ್ಡದಕ್ಕೆ ಹಾಗೆಯೇ ಹೊರಿಸಿ, ಮಿಲ್ಲನ್ನೇ ದೂರಿದ ಬರಹಗಳಿವೆ. ಇಷ್ಟು ಸರಳ ಗುಣಾಕಾರ ಮಾಡದವರು ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಬಾರದು.

ಮಾಲ್ಟನ್ನು ಬಟ್ಟೆಚೀಲದಲ್ಲೇ ನೆನೆಹಾಕುವ ಪಂಥದವರು, ತಮಗೆ ಸಿಪ್ಪೆಯ ಜರಡಿ ಬೇಕಿಲ್ಲ, ಎಷ್ಟು ಪುಡಿಯಾದರೂ ಚೀಲ ಹಿಡಿಯುತ್ತದೆ ಎನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜ. ತಮ್ಮ ವಿನಾಯಿತಿಯನ್ನು ಎಲ್ಲರ ನಿಯಮ ಮಾಡಲು ಹೊರಟದ್ದು ಮಾತ್ರ ತಪ್ಪು. ಕೈಯಲ್ಲಿ ತಿರುಗಿಸಿದ್ದೇ ನಿಜವಾದ ಬಿಯರ್ ಎನ್ನುವವರ ಜೊತೆಗೂ ನನ್ನ ಒಪ್ಪಿಗೆಯಿಲ್ಲ. ಅವರ ನುಚ್ಚು ಚೆನ್ನಾಗಿರುವುದು ಕೈ ನಿಧಾನವಾಗಿರುವುದರಿಂದ. ಆ ನಿಧಾನವನ್ನು ಪುಲ್ಲಿಯೂ ಕೊಡಬಲ್ಲದು, ಬೆನ್ನು ನೋಯುವ ವಯಸ್ಸಿನವರಿಗೂ ಕೊಡಬಲ್ಲದು.

ಡ್ರಿಲ್ಲನ್ನೇ ಬಳಸಬೇಕಾದ ಅನಿವಾರ್ಯತೆ ಇದ್ದರೆ, ಮೊದಲ ಗೇರಿನಲ್ಲಿ 500 ಸುತ್ತು ಮೀರದ ಡ್ರಿಲ್ಲನ್ನು ಆರಿಸಿ, ಮೋಟಾರು ಓಡಲು ಶುರುವಾದ ಮೇಲೆ ಕಾಳು ಸುರಿಯಿರಿ, ಅದಕ್ಕೂ ಮೊದಲೇ ಮಾಲ್ಟಿಗೆ ಅದರ ತೂಕದ ನೂರಕ್ಕೆ ಎರಡರಷ್ಟು ನೀರು ಚಿಮುಕಿಸಿ ಸಿಪ್ಪೆಯನ್ನು ಮೆದುಗೊಳಿಸಿ. ಐದು ಕಿಲೋಗೆ ಅರ್ಧ ಲೋಟ ಸಾಕು. ಇದರಿಂದ ಹಾನಿ ಕಡಿಮೆಯಾಗುತ್ತದೆ. ಆದರೆ ಇದನ್ನು ಮಿತವ್ಯಯ ಎಂದು ಕರೆಯಬೇಡಿ. ಮನೆಯಲ್ಲಿ ಮೊದಲೇ ಇರುವ ಡ್ರಿಲ್ಲಿನ ಬೆಲೆಯನ್ನು ಸೊನ್ನೆ ಎಂದು ಹಿಡಿದು, ಅದು ಸುಟ್ಟುಹೋಗುವ ದಿನದ ಬೆಲೆಯನ್ನೂ ಹಾಳಾದ ಮ್ಯಾಶಿನ ಬೆಲೆಯನ್ನೂ ಬಿಟ್ಟು ಹಾಕಿದ ಲೆಕ್ಕ ಅದು. ಗುಜರಿಯಲ್ಲಿ ಸಿಗುವ ಮೋಟಾರು, ಹಾರ್ಡ್‌ವೇರ್ ಅಂಗಡಿಯ ಎರಡು ಪುಲ್ಲಿ, ಒಂದು ಹಲಗೆ, ಒಂದು ಮುಚ್ಚಳ: ಇವು ಒಮ್ಮೆ ಸೇರಿದರೆ ಮಿಲ್ಲು ಸವೆಯುವವರೆಗೂ ದುಡಿಯುತ್ತವೆ. ಕಡಿಮೆ ದುಡ್ಡಿನಲ್ಲಿ ಕೊಳ್ಳಬೇಕಾದದ್ದು ನಿಧಾನ ವೇಗ ಮತ್ತು ಆ ವೇಗದ ಸ್ಥಿರತೆ. ಮುಂದೆ ಗಿರಣಿಯ ಬಗ್ಗೆ ಬರೆಯುವವರು ಗಡಿಯಾರವನ್ನು ಬದಿಗಿಟ್ಟು, ಮೊದಲ ಹಿಡಿ ಮತ್ತು ಕೊನೆಯ ಹಿಡಿ ನುಚ್ಚನ್ನು ಅಕ್ಕಪಕ್ಕ ಇಟ್ಟು ತೋರಿಸಲಿ. ಆ ಪರೀಕ್ಷೆಯಲ್ಲಿ ಡ್ರಿಲ್ ಸೋಲುತ್ತದೆ, ಬೆಲ್ಟ್ ಗೆಲ್ಲುತ್ತದೆ.